ಮೇಷ್ಟ್ರ ಜಗಲಿಯ ಇಂಗ್ಲಿಷು

ನಂಜುಂಡಯ್ಯ ಮೇಷ್ಟ್ರಿಗೆ ಏನಾದರೂ ಹೇಳಬೇಕಿದ್ದರೆ ಯಲ್ಲಮ್ಮನಿಗೆ ಹೇಳಬೇಕು. ಚನ್ನಪಟ್ಟಣದ ಆ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಕ್ರಮ. ಹಾಲಿನವನು ಬಂದರೂ ಅಷ್ಟೇ, ಕರೆಂಟ್ ಬಿಲ್ಲಿನವನು ಬಂದರೂ ಅಷ್ಟೇ, ಹೆತ್ತ ಮಗ ಮಧುಕುಮಾರನೇ ಅಪ್ಪನ ಹತ್ತಿರ ಕೆಲಸವಿದ್ದರೆ ಮೊದಲು ಅಮ್ಮನ ಮುಂದೆ ನಿಲ್ಲುತ್ತಿದ್ದ. ಯಲ್ಲಮ್ಮ ಗಂಡನ ಎದುರಿಗೆ ಹೋಗಿ, ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತನ್ನು ಬಿಡಿಸಿ ಹೇಳುತ್ತಿದ್ದಳು. ಮೇಷ್ಟ್ರು ಹೂಂ ಎನ್ನುತ್ತಿದ್ದರು, ಇಲ್ಲವೇ ಉಹೂಂ ಎನ್ನುತ್ತಿದ್ದರು. "ಹಳೇ ಕಾಲದ ಮನುಷ್ಯ, ಗತ್ತು ಬುಟ್ಟಿಲ್ಲ ನೋಡು," ಎಂದು ಬೀದಿಯವರು ಮೆಚ್ಚಿಕೊಂಡೇ ಆಡಿಕೊಳ್ಳುತ್ತಿದ್ದರು.

ಗತ್ತೂ ಇಲ್ಲ, ಮಣ್ಣೂ ಇಲ್ಲ. ಮೇಷ್ಟ್ರಿಗೆ ಕಿವಿ ಕೇಳುತ್ತಿರಲಿಲ್ಲ.

ಹೈಸ್ಕೂಲಿನಿಂದ ರಿಟೈರಾಗುವ ಹೊತ್ತಿಗೆ ಬಲಗಿವಿ ಮಂದವಾಗಿತ್ತು. ಆಮೇಲೆ ಎಡಗಿವಿಯೂ ಅದರ ಹಿಂದೆಯೇ ಹೋಯಿತು. ಗಂಡ ಹೆಂಡತಿ ಇಬ್ಬರೂ ಯಾರಿಗೂ ಹೇಳದೆ ಬೆಂಗಳೂರಿಗೆ ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿದರು. ಅವರು ಕೊಟ್ಟ ಮಿಷನ್ನು ಹಾಕಿಕೊಂಡರೆ ಪಾತ್ರೆ ಬಿದ್ದ ಸದ್ದು ಸಿಡಿಲಿನಂತೆ ಕೇಳುತ್ತಿತ್ತು, ಮನುಷ್ಯರ ಮಾತು ಮಾತ್ರ ಗೊಜಗೊಜ ಎನ್ನುತ್ತಿತ್ತು. ಒಂದು ವಾರ ಪರದಾಡಿ ಮೇಷ್ಟ್ರು ಅದನ್ನು ಟ್ರಂಕಿಗೆ ಹಾಕಿದರು. ಯಲ್ಲಮ್ಮನ ಮಾತು ಮಾತ್ರ ಅವರಿಗೆ ತಿಳಿಯುತ್ತಿತ್ತು. ಅರ್ಧ ದನಿಯಿಂದ, ಅರ್ಧ ಆಕೆಯ ತುಟಿಯಿಂದ, ಉಳಿದದ್ದು ಜೊತೆಯಲ್ಲಿ ಬದುಕಿದ ಅಭ್ಯಾಸದಿಂದ.

"ಕಬ್ಬಾಳಮ್ಮನ ಆಣೆ ಮಾಡು, ಯಾರಿಗೂ ಹೇಳಲ್ಲ ಅಂತ," ಎಂದಿದ್ದರು ಮೇಷ್ಟ್ರು. "ಕಿವುಡ ಮೇಷ್ಟ್ರ ಹತ್ರ ಯಾರು ಕಣೇ ಮಕ್ಕಳನ್ನ ಕಳಿಸ್ತಾರೆ? ಈ ಜಗಲಿ ಪಾಠ ನಿಂತುಹೋದ್ರೆ ನಾನು ಬೆಳಗ್ಗೆ ಎದ್ದು ಏನು ಮಾಡ್ಲಿ?"

ಯಲ್ಲಮ್ಮ ಆಣೆ ಮಾಡಿದಳು. ಮಗನಿಗೂ ಹೇಳಲಿಲ್ಲ. ಬಿಡದಿಯ ಕಾರು ಫ್ಯಾಕ್ಟರಿಯಲ್ಲಿ ಶಿಫ್ಟು ಮಾಡುವ ಮಧುಕುಮಾರ ಮನೆಯಲ್ಲಿ ಎಚ್ಚರವಾಗಿರುತ್ತಿದ್ದುದೇ ಅಪರೂಪ. ಅಪ್ಪನಿಗೆ ಒಸಿ ಕಿವಿ ಮಂದ ಎಂದಷ್ಟೇ ಅವನು ತಿಳಿದಿದ್ದ. ಆಮೇಲೆ ಸೊಸೆ ಶಾಲಿನಿ ಬಂದಳು. ಕನಕಪುರದ ಕಡೆಯವಳು, ಇಂಗ್ಲಿಷಿನಲ್ಲೇ ಎಂ.ಎ. ಮಾಡಿದವಳು, ರಾಮನಗರದ ಒಂದು ಖಾಸಗಿ ಶಾಲೆಯಲ್ಲಿ ಟೀಚರು. ಮಾವನವರ ಹತ್ತಿರ ನೇರವಾಗಿ ಮಾತಾಡುವ ಪದ್ಧತಿ ಈ ಮನೆಯಲ್ಲಿಲ್ಲ ಎಂದು ಮೊದಲ ವಾರವೇ ಅವಳಿಗೆ ಗೊತ್ತಾಯಿತು. ಇದ್ಯಾವ ಕಾಲದ ಮನೆಯಪ್ಪ ಎಂದುಕೊಂಡು, ಅವಳೂ ಅತ್ತೆಯ ಮುಂದೆ ನಿಲ್ಲುವುದನ್ನು ಕಲಿತಳು.

ಸಂಜೆಯಾದರೆ, ಭಾನುವಾರವಾದರೆ ಬೆಳಗ್ಗೆಯೇ, ಜಗಲಿ ತುಂಬುತ್ತಿತ್ತು. ಮೇಷ್ಟ್ರ ಕುರ್ಚಿಯ ಹಿಂದೆ ಗೋಡೆಗೆ ಒಂದು ಕಪ್ಪು ಹಲಗೆ ಒರಗಿರುತ್ತಿತ್ತು. ಉಳಿದ ವ್ಯಾಕರಣವನ್ನು ಯಾರು ಬೇಕಾದರೂ ಹೇಳಿಕೊಟ್ಟಾರು, ಜೆರಂಡು, ಇನ್ಫಿನಿಟಿವ್ವು, ಫ್ರೇಸಲ್ ವರ್ಬು ಈ ಮೂರನ್ನು ಮಾತ್ರ ನಂಜುಂಡಯ್ಯ ಮೇಷ್ಟ್ರೇ ಹೇಳಬೇಕು ಎಂಬ ಮಾತು ವಿರೂಪಾಕ್ಷಿಪುರದವರೆಗೂ ಹಬ್ಬಿತ್ತು.

"ನೋಡ್ರಪ್ಪ," ಎಂದು ಮೇಷ್ಟ್ರು ಶುರು ಮಾಡುತ್ತಿದ್ದರು. "ಇಂಗ್ಲಿಷಿನ ಕ್ರಿಯಾಪದ ಅಂದ್ರೆ ಒಂದೊಂದೂ ಒಂದೊಂದು ಮನೆತನ ಇದ್ದಂಗೆ. ಎಂಜಾಯ್ ಅನ್ನೋ ಮನೆಗೆ ಐಎನ್‌ಜಿ ಹೆಣ್ಣೇ ಬೇಕು. ಎಂಜಾಯ್ ರೀಡಿಂಗ್. ಅವಾಯ್ಡು, ಫಿನಿಶ್ಶು ಎಲ್ಲ ಅದೇ ಬಳಗ. ವಾಂಟು, ಹೋಪು, ಡಿಸೈಡು, ಇವ್ರ ಮನೆಗೆ ಟು ಕಡೆಯ ಹೆಣ್ಣು. ವಾಂಟ್ ಟು ರೀಡ್. ಲೈಕ್ ಅಂತ ಒಬ್ಬ ಇದಾನೆ, ಅವನು ಎರಡೂ ಕಡೆ ಸಂಬಂಧ ಬೆಳೆಸ್ತಾನೆ."

ಮಕ್ಕಳು ನಗುತ್ತಿದ್ದರು. ಆ ನಗು ಮೇಷ್ಟ್ರಿಗೆ ಕಾಣುತ್ತಿತ್ತು, ಅಷ್ಟು ಸಾಕಿತ್ತು.

"ಲುಕ್ ಅನ್ನೋನು ಒಬ್ನೇ ಇದ್ರೆ ಸುಮ್ನೆ ನೋಡ್ತಾನೆ. ಆಫ್ಟರ್ ಜೊತೆ ಸೇರಿದ್ರೆ ಸಾಕ್ತಾನೆ, ಸಲಹ್ತಾನೆ. ಡೌನು, ಆನು ಅನ್ನೋ ಪೋಲಿಗಳ ಸಹವಾಸ ಮಾಡಿದ್ರೆ ಜನಾನ ಕೀಳಾಗಿ ಕಾಣ್ತಾನೆ. ಇದೇ ಫ್ರೇಸಲ್ ವರ್ಬು. ಬರ್ಕೊಳ್ಳಿ."

ಯಲ್ಲಮ್ಮ ಒಳಬಾಗಿಲಲ್ಲಿ ಮೊರ ಇಟ್ಟುಕೊಂಡು ಕೂರುತ್ತಿದ್ದಳು. ಅವರೆಕಾಲದಲ್ಲಿ ಅವರೆಕಾಳು ಹಿತಕುವುದು, ಉಳಿದ ದಿನ ಅಕ್ಕಿಯ ಕಲ್ಲು ಆರಿಸುವುದು. ಕೈ ಕೆಲಸದಲ್ಲಿದ್ದರೂ ಕಣ್ಣು ಮಕ್ಕಳ ಮೇಲೆ. ಯಾರಾದರೂ ಬಾಯಿ ತೆರೆದರೆ ಸಾಕು, ಗಂಡನ ಕಡೆ ಮುಖವೆತ್ತಿ, "ಏನ್ರೀ, ಆ ಹುಡ್ಗ ಇದ್ನ ಇನ್ನೊಂದ್ಸಲ ಹೇಳ್ಕೊಡಿ ಅಂತಾವ್ನೆ," ಎನ್ನುತ್ತಿದ್ದಳು. ಅಜ್ಜಿಗೆ ಯಾಕೆ ಇಷ್ಟು ಉಸಾಬರಿ ಎಂದು ಮಕ್ಕಳು ನಗುತ್ತಿದ್ದರು. ಇಂಗ್ಲಿಷಿನಲ್ಲಿ ಕೇಳಿದ್ದನ್ನು ದಾಟಿಸುವುದು ಆಕೆಯ ಕೈಲಾಗದ ಕೆಲಸ. ಅದಕ್ಕೆ ಮೇಷ್ಟ್ರೇ ದಾರಿ ಮಾಡಿಕೊಂಡಿದ್ದರು. "ಬಾಯಲ್ಲಿ ಬೇಡ, ಬರೆದು ತೋರ್ಸು." ಹೀಗಾಗಿ ಅವರ ಜಗಲಿಯಲ್ಲಿ ಎಲ್ಲರೂ ಇಂಗ್ಲಿಷು ಬರೆಯುತ್ತಿದ್ದರು, ಒಬ್ಬರೂ ಮಾತಾಡುತ್ತಿರಲಿಲ್ಲ.

ಸಾನಾ ಬಂದದ್ದು ದಸರಾ ಕಳೆದ ಮೇಲೆ. ಅವಳಪ್ಪ ಮರದ ಬೊಂಬೆಗೆ ಅರಗಿನ ಬಣ್ಣ ಕೂರಿಸುವವನು. ಹುಡುಗಿ ಡಿಗ್ರಿಯ ಕೊನೇ ವರ್ಷದಲ್ಲಿದ್ದಳು. ಬಿಡದಿಯ ಕಂಪನಿಯೊಂದರ ಆಫೀಸು ಕೆಲಸಕ್ಕೆ ಸಂಕ್ರಾಂತಿ ಕಳೆದ ಮೇಲೆ ಇಂಟರ್‌ವ್ಯೂ ಇತ್ತು. ಕೆಲವೇ ವಾರದಲ್ಲಿ ಮೇಷ್ಟ್ರು ಬರೆಸಿದ್ದನ್ನೆಲ್ಲ ಬಾಯಿಪಾಠ ಮಾಡಿದಳು. ಒಂದು ಸಂಜೆ ನೀರು ಕುಡಿಯಲು ಅಡುಗೆಮನೆಗೆ ಬಂದವಳನ್ನು ಶಾಲಿನಿ ಇಂಗ್ಲಿಷಿನಲ್ಲೇ ಮಾತಾಡಿಸಿದಳು. ಮನೆಯಲ್ಲಿ ಸಂಜೆ ಏನು ಮಾಡ್ತೀಯ ಎಂದು, ಅಷ್ಟೇ. ಸಾನಾ ಲೋಟ ಹಿಡಿದು ನಿಂತುಬಿಟ್ಟಳು.

"ಪಟ್ಟಿ ಕೇಳಿ ಅಕ್ಕ, ಗಡಗಡ ಅಂತ ಹೇಳ್ಬುಡ್ತೀನಿ," ಎಂದಳು ಕೊನೆಗೆ. "ಮಾತಾಡು ಅಂದ್ರೆ ನಾಲ್ಗೇನೇ ಏಳಲ್ಲ."

"ಇಂಟರ್‌ವ್ಯೂನಲ್ಲಿ ಪಟ್ಟಿ ಕೇಳ್ತಾರಾ?"

"ಕೇಳಲ್ಲ."

"ಹಾಗಾದ್ರೆ ಪಾಠ ಮುಗಿದ ಮೇಲೆ ದಿನಾ ಹಿತ್ತಲ ಕಡೆಯಿಂದ ಬಾ. ನಾನು ರೊಟ್ಟಿ ತಟ್ತಾ ಇರ್ತೀನಿ, ನೀನು ಮಾತಾಡ್ತಾ ಇರು."

ಸಾನಾ ಬಂದಳು. ಅವಳ ಜೊತೆ ಇನ್ನಿಬ್ಬರು ಬಂದರು. ಆಮೇಲೆ ಜಗಲಿಗೆ ಬರುವುದನ್ನೇ ಬಿಟ್ಟು ನೆಟ್ಟಗೆ ಹಿತ್ತಲಿಗೇ ಬರುವವರು ಹುಟ್ಟಿಕೊಂಡರು. ಯಲ್ಲಮ್ಮ ಎರಡೂ ಕಡೆ ಇಣುಕುತ್ತಿದ್ದಳು. ಒಳಗೆ ಮಕ್ಕಳ ಇಂಗ್ಲಿಷಿನ ಗಲಾಟೆ, ಹೊರಗೆ ಮೇಷ್ಟ್ರು ಏನೂ ಕೇಳಿಸದೆ ನಿರಾಳವಾಗಿ ಹೋಮ್‌ವರ್ಕ್ ತಿದ್ದುತ್ತಿದ್ದರು. ಕಿವಿ ಇಲ್ಲದಿದ್ದರೇನು, ಕಣ್ಣಿತ್ತಲ್ಲ. ಒಂದು ದಿನ ಕೈತೊಳೆಯಲು ಹಿತ್ತಲಿಗೆ ಹೋದವರು ಬಾಗಿಲ ಮುಂದೆ ಸಾಲಾಗಿ ಬಿಟ್ಟಿದ್ದ ಚಪ್ಪಲಿ ನೋಡಿದರು. ತಮ್ಮ ಜಗಲಿಯ ಮೆಟ್ಟಿಲ ಮೇಲೆ ದಿನವೂ ಕಾಣುತ್ತಿದ್ದ ಚಪ್ಪಲಿಗಳೇ.

ಅವತ್ತು ಊಟದ ಹೊತ್ತಿಗೆ ಜಗಳ ಹತ್ತಿಕೊಂಡಿತು.

"ಕೇಳು ಅವಳನ್ನ," ಎಂದರು ಮೇಷ್ಟ್ರು ಹೆಂಡತಿಗೆ, ಸೊಸೆ ಅಲ್ಲೇ ಸಾರಿನ ಪಾತ್ರೆ ಹಿಡಿದು ನಿಂತಿದ್ದರೂ. "ನನ್ನ ಶಿಷ್ಯರನ್ನ ಹಿತ್ತಲಿಂದ ಕರ್ಕೊಳ್ಳೋದು ಯಾವ ಊರಿನ ಮರ್ಯಾದೆ ಅಂತ ಕೇಳು."

"ನಾನು ಯಾರನ್ನೂ ಕರೀಲಿಲ್ಲ ಅತ್ತೆ," ಎಂದಳು ಶಾಲಿನಿ. "ಅವರೇ ಬರ್ತಿದ್ದಾರೆ. ಮಾವನನ್ನ ಕೇಳಿ, ಮಕ್ಕಳಿಗೆ ಒಂದು ದಿನ ಬಾಯಿ ತೆಗೆಯೋಕೆ ಬಿಟ್ಟಿದ್ದಾರಾ ಅಂತ. ಮಾತಾಡೋದನ್ನ ಕೇಳಿಸಿಕೊಳ್ಳದೇ ಇದ್ರೆ ಮಾತು ಹೇಗೆ ಬರುತ್ತೆ?"

ಮೇಷ್ಟ್ರು ಯಲ್ಲಮ್ಮನ ಮುಖ ನೋಡಿದರು.

"ಮಕ್ಳು ಮಾತಾಡೋದ್ನೂ ಒಸಿ ಕಲೀಲಿ ಅಂತ ಅವ್ಳ ಆಸೆ ಕಣ್ರೀ," ಎಂದಳು.

ಸೊಸೆಯ ಸಿಟ್ಟನ್ನು ಆಕೆ ಹಾಗೆ ತೊಳೆದು ಗಂಡನಿಗೆ ಕೊಟ್ಟಳು. ಆದರೆ ಶಾಲಿನಿಯ ಹುಬ್ಬು ಗಂಟಿಕ್ಕಿದ್ದು ಮೇಷ್ಟ್ರಿಗೆ ಕಾಣಿಸುತ್ತಿತ್ತು. ಅದನ್ನು ತೊಳೆಯಲಾದೀತೇ?

"ವ್ಯಾಕರಣ ಇಲ್ಲದ ಮಾತು ಏನು ಮಾತು? ನಾಳೆಯಿಂದ ಸಂಜೆ ಹಿತ್ತಲ ಬಾಗಿಲಿಗೆ ಬೀಗ ಬೀಳಬೇಕು," ಎಂದು ತಟ್ಟೆಯ ಮುಂದಿಂದ ಎದ್ದರು. ಮುರಿದಿಟ್ಟ ಮುದ್ದೆ ಹಾಗೇ ಉಳಿಯಿತು.

ಮಧುಕುಮಾರ ತಲೆ ತಗ್ಗಿಸಿ ತನ್ನ ಪಾಡಿಗೆ ಉಂಡು ಮುಗಿಸಿದ. "ನೀನಾದ್ರೂ ಒಂದು ಮಾತು ಹೇಳಬಾರದಿತ್ತಾ?" ಎಂದು ಹೆಂಡತಿ ಕೇಳಿದ್ದಕ್ಕೆ, "ನಂಗೆ ಇಂಗ್ಲಿಷೂ ಬರಲ್ಲ, ಜಗಳಾನೂ ಬರಲ್ಲ. ಬೆಳಗ್ಗೆ ಐದಕ್ಕೆ ಕಂಪನಿ ಬಸ್ಸು," ಎಂದು ಹೋಗಿ ಮಲಗಿದ.

ಬೀಗ ಬಿತ್ತು. ಶಾಲಿನಿ ಸುಮ್ಮನೆ ಕೂರುವ ಪೈಕಿಯಲ್ಲ. ಪಕ್ಕದ ಬೀದಿಯ ಸ್ತ್ರೀಶಕ್ತಿ ಸಂಘದ ಕೋಣೆಯನ್ನು ಕೇಳಿ ತೆಗೆದುಕೊಂಡಳು. ರಾಮನಗರದಿಂದ ಬಸ್ಸಿಳಿದವಳು ಮನೆಗೆ ಬಾರದೆ ನೆಟ್ಟಗೆ ಅಲ್ಲಿಗೇ ಹೋಗಿ, ಕತ್ತಲಾಗುವಾಗ ಬರುತ್ತಿದ್ದಳು. ಸಂಜೆಯ ಅಡುಗೆ ಯಲ್ಲಮ್ಮನ ತಲೆಗೆ ಬಂತು. ಮಂಡಿನೋವಿನ ಹೆಂಗಸು, ಆದರೂ ಅಡುಗೆಗೆ ಹೆದರಿದವಳಲ್ಲ. ಹೆದರಿಕೆ ಬೇರೆಯದೇ ಇತ್ತು. ಒಲೆಯ ಮುಂದೆ ನಿಂತರೆ ಒಳಬಾಗಿಲು ಖಾಲಿ.

ಒಗ್ಗರಣೆ ಹಾಕಿ ಓಡಿಬಂದು ಬಾಗಿಲಲ್ಲಿ ನಿಲ್ಲುವಳು. ಅಷ್ಟರಲ್ಲಿ ಯಾವುದೋ ಹುಡುಗ ಏನೋ ಕೇಳಿ, ಮೇಷ್ಟ್ರು ಇನ್ನೇನೋ ಹೇಳಿ ಆಗಿರುತ್ತಿತ್ತು. "ಸಾರ್, ಹೊರಗೆ ಹೋಗ್ಲಾ?" ಎಂದವನಿಗೆ "ಸರಿಯಾಗಿದೆ, ಹಂಗೇ ಬರಿ," ಎಂದಿದ್ದರಂತೆ. ಮಕ್ಕಳು ಒಬ್ಬರನ್ನೊಬ್ಬರು ತಿವಿದುಕೊಂಡು ನಗುವುದನ್ನು ಯಲ್ಲಮ್ಮ ಕಂಡಳು. ಆ ನಗುವನ್ನು ಮೇಷ್ಟ್ರು ತಮ್ಮ ತಮಾಷೆಗೆ ಬಂದ ನಗು ಎಂದುಕೊಂಡು ತಾವೂ ನಕ್ಕರು. ಯಲ್ಲಮ್ಮನಿಗೆ ಅದನ್ನು ನೋಡಲಾಗಲಿಲ್ಲ.

"ಇದೇನವ್ವ, ಸಾರು ಹಿಂಗೆ ಸೀದೋಗೈತೆ?" ಎಂದ ಮಧುಕುಮಾರ ಒಂದು ದಿನ.

"ಸೀದೋಗೈತೆ. ಉಣ್ಣಂಗಿದ್ರೆ ಉಣ್ಣು."

"ಯಾಕವ್ವ ಇಂಗಾಡ್ತೀಯ? ಮೈ ಹುಷಾರಿಲ್ವಾ?"

"ನಿನ್ ಹೆಂಡ್ತಿಗೆ ಹೇಳಪ್ಪ, ಸಂಜೆ ಒಲೆ ಮುಂದಕ್ಕೆ ಬರಾಕೆ."

"ಅವಳಿಗೆ ನೀನೇ ಹೇಳು. ನಾನು ಹೇಳಿದ್ರೆ ಅಪ್ಪನ ಕಡೆ ಅಂತಾಳೆ. ಅಪ್ಪನಿಗೆ ಹೇಳಿದ್ರೆ ಅವಳ ಕಡೆ ಅಂತಾರೆ."

"ಎಲ್ರಿಗೂ ಹೇಳಾಕೆ ನಾನೊಬ್ಳು ಬಿದ್ದಿವ್ನಿ ಈ ಮನೇಲಿ," ಎಂದು ಯಲ್ಲಮ್ಮ ಸೌಟನ್ನು ಪಾತ್ರೆಗೆ ಎಸೆದಳು. ಆ ಸದ್ದು ಮೇಷ್ಟ್ರಿಗೂ ಕೇಳಿಸಿ ಜಗಲಿಯಿಂದ ಇಣುಕಿದರು.

ಸಾಲದ್ದಕ್ಕೆ ಮಾಗಡಿಯಿಂದ ಫೋನು ಬಂತು. ಯಲ್ಲಮ್ಮನ ಅಕ್ಕ ಬೋರಮ್ಮ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಳು. ಅವಳ ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ನೋಡಿಕೊಳ್ಳಲು ಒಬ್ಬರು ಬೇಕು. ಒಡಹುಟ್ಟಿದವಳು ಕರೆದಾಗ ಹೋಗದೆ ಇರುವುದು ಹೇಗೆ?

ಹೊರಡುವ ಹಿಂದಿನ ದಿನ ಬೆಳಗ್ಗೆ ಶಾಲಿನಿ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಾಗ ಯಲ್ಲಮ್ಮ ಹತ್ತಿರ ಹೋಗಿ ನಿಂತಳು. ಹೇಳಿಯೇ ಬಿಡಬೇಕು, ಕಬ್ಬಾಳಮ್ಮನಿಗೆ ಆಮೇಲೆ ತಪ್ಪು ಕಾಣಿಕೆ ಕಟ್ಟಿದರಾಯಿತು ಎಂದು ಗಟ್ಟಿ ಮಾಡಿಕೊಂಡಿದ್ದಳು.

"ಶಾಲಿನಿ, ನಾನಿಲ್ದಾಗ ಸಂಜೆ ಹೊತ್ತು ಒಸಿ ಮನೇಲಿರವ್ವ."

"ಯಾಕತ್ತೆ?"

"ಯಾಕೂ ಇಲ್ಲ. ಮಾವನ ಪಾಠ ನಡೀವಾಗ ಬಾಗ್ಲಲ್ಲಿ ಯಾರಾದ್ರೂ ಇರ್ಬೇಕು."

ಶಾಲಿನಿ ಡಬ್ಬಿಯ ಮುಚ್ಚಳ ಒತ್ತಿದಳು. "ನೀವು ಬಾಗಿಲಲ್ಲಿ ಕೂತು ಕಾದಿದ್ದಕ್ಕೇ ಮಾವ ಹೀಗಾಗಿರೋದು ಅತ್ತೆ. ರಾಜರಿಗೆ ದ್ವಾರಪಾಲಕರು ಇದ್ದ ಹಾಗೆ. ಯಾರೂ ಅವರಿಗೆ ಎದುರು ಮಾತಾಡಬಾರದು, ಎಲ್ಲ ನಿಮ್ಮ ಬಾಯಿಂದಲೇ ಹೋಗಬೇಕು. ಆ ಕೆಲಸ ನನ್ನ ಕೈಲಿ ಆಗಲ್ಲ. ತಪ್ಪು ತಿಳ್ಕೋಬೇಡಿ."

ಯಲ್ಲಮ್ಮನ ಬಾಯಿಗೆ ಬಂದ ಮಾತು ಹಿಂದಕ್ಕೆ ಹೋಯಿತು. ಅವಳಿಗೆ ಸಿಟ್ಟೇ ಬಂದಿತ್ತು. ಮರುದಿನ ಗಂಡನ ಮುಂದೆ ನಿಂತು, "ಅಕ್ಕನ್ನ ನೋಡ್ಕೊಂಡು ಬತ್ತೀನಿ. ಯಾರಾನ ಏನಾನ ಕೇಳುದ್ರೆ ಬರ್ದು ಕೊಡು ಅನ್ನಿ," ಎಂದು ಎರಡು ಸಲ ಹೇಳಿ, ಚೀಲ ಹಿಡಿದು ಮಾಗಡಿ ಬಸ್ಸು ಹತ್ತಿದಳು.

ಮಾಗಡಿಯಲ್ಲಿ ಕೆಲಸಕ್ಕೆ ಕೊರತೆ ಇರಲಿಲ್ಲ. ಬೋರಮ್ಮನ ಮೈ ಒರೆಸುವುದು, ಗಂಜಿ ಕುಡಿಸುವುದು, ಅವಳ ನರಳಾಟ ಕೇಳುವುದು. ಆದರೆ ಸಂಜೆ ಐದಾದರೆ ಯಲ್ಲಮ್ಮನ ಜೀವ ನಿಲ್ಲುತ್ತಿರಲಿಲ್ಲ. ಗಂಡನಿಗೆ ಫೋನು ಮಾಡಿ ಪ್ರಯೋಜನವಿಲ್ಲ. ಫೋನಿನಲ್ಲಿ ತುಟಿ ಕಾಣುವುದಿಲ್ಲ. ಸೊಸೆಗೇ ಮಾಡಬೇಕು.

"ಮಾವ ಉಂಡ್ರಾ?"

"ಉಂಡ್ರು."

"ಪಾಠ ಮಾಡ್ತಾವ್ರಾ?"

"ಮಾಡ್ತಿದ್ದಾರೆ."

"ಮಕ್ಳು ಬತ್ತಾವಾ?"

"ಬರ್ತಾವೆ ಅತ್ತೆ, ಮೊದಲಿನಷ್ಟಿಲ್ಲ. ಇಡ್ಲಾ?"

ಬೋರಮ್ಮ ಮಲಗಿದಲ್ಲಿಂದಲೇ ಕೇಳುತ್ತಿದ್ದಳು. "ಅದೇನೇ ದಿನಾ ಇದೇ ಪುರಾಣ? ಗಂಡ ಏನ್ ಎಳೇ ಮಗೂನಾ?"

"ನಿಂಗ್ ತಿಳಿಯಾಕಿಲ್ಲ ಸುಮ್ಕಿರು," ಎಂದು ಯಲ್ಲಮ್ಮ ಗಂಜಿಯ ಬಟ್ಟಲು ತರಲು ಏಳುವಳು.

ಧನುರ್ಮಾಸದ ಒಂದು ಭಾನುವಾರ ಬೆಳಗ್ಗೆ ಶಾಲಿನಿ ತಾನಾಗಿ ಫೋನು ಮಾಡಿದಳು. "ಅತ್ತೆ, ನಿನ್ನೆ ಗಂಗಯ್ಯ ಅಂತ ಒಬ್ಬರು ಬಂದಿದ್ರು. ಅವರ ಹುಡುಗ ನಮ್ಮ ಜಗಲಿ ಪಾಠಕ್ಕೆ ಬರ್ತಾನಂತೆ," ಎಂದಳು.

"ಬತ್ತಾನೆ. ಏನಂತೆ?"

"ಇಂಗ್ಲಿಷಲ್ಲಿ ಫೇಲಾಗಿದಾನಂತೆ. ಬೀದೀಲಿ ನಿಂತು ಬಾಯಿಗೆ ಬಂದಂಗೆ ಕೂಗಾಡಿದ್ರು. ನಿಮ್ಮ ಪಾಠ ನಂಬ್ಕೊಂಡು ನನ್ನ ಮಗ ಹಾಳಾದ, ವಯಸ್ಸಾದ ಮೇಲೆ ರಾಮಾ ಕೃಷ್ಣಾ ಅಂತ ಮನೇಲಿರಬಾರದಾ ಅಂತ. ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದು ನಿಂತಿದ್ರು." ಶಾಲಿನಿಯ ದನಿ ತಗ್ಗಿತು. "ಮಾವ ಎದ್ದು ನಿಂತು ಕೈ ಮುಗಿದ್ರು ಅತ್ತೆ. ನಗ್ತಾ, ಬಹಳ ಸಂತೋಷ, ಒಳಗೆ ಬನ್ನಿ, ಕಾಫಿ ಕುಡ್ಕೊಂಡು ಹೋಗಿ ಅಂದ್ರು."

"ಆಮೇಕೆ?" ಎಂದಳು ಯಲ್ಲಮ್ಮ.

"ಆ ಮನುಷ್ಯ ಬಯ್ಯೋದನ್ನ ಮರೆತು ಸುಮ್ಮನೆ ನಿಂತುಬಿಟ್ಟರು. ನಾನು ಆಗಷ್ಟೇ ಬಂದು ಮೆಟ್ಟಿಲ ಹತ್ರ ನಿಂತಿದ್ದೆ. ಅತ್ತೆ, ಮಾವನಿಗೆ ಕಿವಿ ಕೇಳಿಸಲ್ವಾ?"

ಬೋರಮ್ಮ ಮಂಚದಿಂದ ನೀರು ಬೇಕು ಎಂದು ಕೂಗುತ್ತಿದ್ದಳು. ಯಲ್ಲಮ್ಮನಿಗೆ ಅದು ಬಹಳ ದೂರದಿಂದ ಕೇಳಿಸಿದಂತಾಯಿತು.

"ನಾನ್ ಆಣೆ ಮಾಡಿವ್ನಿ ಕಣವ್ವ," ಎಂದಳು. "ನೀನು ಕೇಳ್ದಂಗೂ ಬೇಡ, ನಾನು ಹೇಳ್ದಂಗೂ ಬೇಡ. ಯಾರ್ಗೂ ಅನ್ಬೇಡ. ಮಧುಗೂ ಅನ್ಬೇಡ. ಆ ಜಗ್ಲಿ ಹೊಂಟೋದ್ರೆ ಅವ್ರು ಉಳಿಯಾಕಿಲ್ಲ."

"ನನಗೆ ಹೇಳಬಾರದಿತ್ತಾ ಅತ್ತೆ?" ಎಂದಳು ಶಾಲಿನಿ. ಅವಳು ಅಳುತ್ತಿದ್ದಾಳೋ ಸಿಟ್ಟಾಗಿದ್ದಾಳೋ ಗೊತ್ತಾಗಲಿಲ್ಲ. ಫೋನು ನಿಂತಿತು.

ಆಮೇಲಿನ ದಿನಗಳು ಯಲ್ಲಮ್ಮನಿಗೆ ಯಮಯಾತನೆಯಾದವು. ಫೋನು ಮಾಡಲು ಕೈ ಬರಲಿಲ್ಲ. ಓದಿದ ಹುಡುಗಿ, ಬಾಯಿ ಬಿಟ್ಟಾಳು, ಗಂಡನಿಗಾದರೂ ಹೇಳಿಯಾಳು, ಮಧು ಅಪ್ಪನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಾನು, ಬೀದಿಗೆಲ್ಲ ಗೊತ್ತಾಗಿ ಮಕ್ಕಳು ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡು ಹೋದಾರು. ಒಲೆಯ ಮುಂದೆ ಕೂತರೂ ಅದೇ, ಬಟ್ಟೆ ಒಗೆಯುವಾಗಲೂ ಅದೇ. ಬೋರಮ್ಮ ಕೋಲು ಹಿಡಿದು ನಾಲ್ಕು ಹೆಜ್ಜೆ ಇಟ್ಟ ಮರುದಿನವೇ ಯಲ್ಲಮ್ಮ ಚೀಲ ಕಟ್ಟಿದಳು. ಸಂಕ್ರಾಂತಿಗೆ ಕೆಲವೇ ದಿನ ಇದ್ದ ಭಾನುವಾರ ಅದು. ಮಾಗಡಿಯಿಂದ ರಾಮನಗರ, ಅಲ್ಲಿಂದ ಚನ್ನಪಟ್ಟಣ. ಬಸ್ಸು ಹಳ್ಳಕ್ಕೆ ಇಳಿದಾಗಲೆಲ್ಲ ಡ್ರೈವರನಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಾ ಬಂದಳು.

ಬೀದಿಯ ತಿರುವಿನಲ್ಲೇ ಗಲಾಟೆ ಕೇಳಿಸಿತು. ಮನೆಯ ಮುಂದೆ ಜನ ಸೇರಿದ್ದಾರೆ ಎಂದುಕೊಂಡು ಚೀಲ ಅವಚಿಕೊಂಡು ಬಿರಬಿರನೆ ನಡೆದಳು. ಹತ್ತಿರ ಬಂದರೆ, ಇಂಗ್ಲಿಷು. ಜಗಲಿಯ ಮೆಟ್ಟಿಲ ತುಂಬ ಚಪ್ಪಲಿ. ಭಾನುವಾರದ ಬೆಳಗಿನ ಪಾಠ ನಡೆಯುತ್ತಿತ್ತು. ಶಾಲಿನಿಯ ಜೊತೆ ಸಂಘದ ಕೋಣೆಗೆ ಹೋದವರೂ ಇದ್ದರು, ಮೇಷ್ಟ್ರ ಹಳೇ ಮಕ್ಕಳೂ ಇದ್ದರು. ಸಾನಾ ಎದ್ದು ನಿಂತು ಏನೋ ಹೇಳುತ್ತಿದ್ದಳು. ಅವಳು ಹೇಳುತ್ತಿದ್ದ ಹಾಗೇ ಶಾಲಿನಿ ಕಪ್ಪು ಹಲಗೆಯ ಮೇಲೆ ಸರಸರನೆ ಬರೆಯುತ್ತಿದ್ದಳು. ಮೇಷ್ಟ್ರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಓದಿದರು.

"ಐ ಗೇವ್ ಅಪ್ ಟು ಸ್ಲೀಪ್ ಇನ್ ದಿ ಆಫ್ಟರ್‌ನೂನ್," ಎಂದು ಗಟ್ಟಿಯಾಗಿ ಓದಿ ಸಾನಾಳ ಕಡೆ ತಿರುಗಿದರು. "ಮಧ್ಯಾಹ್ನ ಮಲಗೋದು ಬಿಟ್ಟೆ. ಭೇಷ್. ಯಾಕೆ ಬಿಟ್ಟೆ?"

ಸಾನಾ ಮತ್ತೆ ಏನೋ ಹೇಳಿದಳು. ಶಾಲಿನಿ ಬರೆದಳು.

"ಟು ಹೆಲ್ಪ್ ಮೈ ಫಾದರ್. ಅಪ್ಪನಿಗೆ ನೆರವಾಗೋಕೆ. ಇಲ್ಲಿ ಟು ಸರಿಯಾಗೇ ಬಂತು. ಮೊದಲಿನದು ನೋಡು, ಗಿವ್ ಅಪ್ ಯಾವ ಬಳಗದೋನು?"

"ಐಎನ್‌ಜಿ!" ಎಂದು ಜಗಲಿ ಕೂಗಿತು. ಮೇಷ್ಟ್ರು ಎದ್ದು ಹೋಗಿ ಹಲಗೆಯ ಮೇಲೆ ತಾವೇ ತಿದ್ದಿದರು. ಸೀಮೆಸುಣ್ಣವನ್ನು ಸೊಸೆಯ ಕೈಗೆ ಕೊಟ್ಟು ಬಂದು ಕೂತರು. ಅವರ ಮುಖದ ಮೇಲೆ ಅಂಥ ಕಳೆಯನ್ನು ಯಲ್ಲಮ್ಮ ಕಂಡು ಎಷ್ಟೋ ಕಾಲವಾಗಿತ್ತು.

ಹಲಗೆ ಮೊದಲಿದ್ದ ಜಾಗದಲ್ಲಿ ಇರಲಿಲ್ಲ. ಮೇಷ್ಟ್ರಿಗೆ ಎದುರಾಗಿ ಕಾಣುವಂತೆ ಅದನ್ನು ಒಳಬಾಗಿಲ ಪಕ್ಕಕ್ಕೆ ತಂದು ನಿಲ್ಲಿಸಿದ್ದರು. ಯಲ್ಲಮ್ಮ ಮೊರ ಇಟ್ಟುಕೊಂಡು ಕೂರುತ್ತಿದ್ದದ್ದು ಅಲ್ಲೇ.

ಯಲ್ಲಮ್ಮ ಯಾರ ಕಣ್ಣಿಗೂ ಬೀಳದೆ ಪಕ್ಕದ ಓಣಿಯಿಂದ ಹಿತ್ತಲಿಗೆ ಹೋದಳು. ಬಾಗಿಲಿಗೆ ಬೀಗವಿರಲಿಲ್ಲ. ಅಡುಗೆಮನೆಯಲ್ಲಿ ಹಿತಕವರೆ ಸಾರು ಕುದಿದು ಕೂತಿತ್ತು, ಎಸರು ಮರಳುತ್ತಿತ್ತು. ಕಾಲು ತೊಳೆದು, ಸೆರಗು ಸಿಕ್ಕಿಸಿ, ಹಿಟ್ಟು ಹಾಕಿ ಮುದ್ದೆ ತೊಳಸಿದಳು. ಕೋಲು ತಿರುಗಿಸುವಾಗ ರಟ್ಟೆಗೆ ಬೇಕಾದ್ದಕ್ಕಿಂತ ಹೆಚ್ಚು ಬಲ ಬಂದಿತ್ತು. ಸಂತೋಷವಾಗಿರಬೇಕಿತ್ತು, ಆಗಿತ್ತು ಕೂಡ. ಅ‌ದರ ಕೆಳಗೆ ಹೊಟ್ಟೆಕಿಚ್ಚಿನಂಥದ್ದು ಒಂದು ಉರಿಯುತ್ತಿತ್ತು. ಸೊಸೆಯ ಮೇಲೆ ಹೊಟ್ಟೆಕಿಚ್ಚು ಪಡುವ ವಯಸ್ಸೇ ಇದು ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡರೆ ಹೋಗುವಂಥದ್ದಲ್ಲ ಅದು.

ಮುದ್ದೆ ಕಟ್ಟಿಟ್ಟು ಒಳಬಾಗಿಲಿಗೆ ಬಂದಳು. ಪಾಠ ಮುಗಿಯುವ ಹಂತದಲ್ಲಿತ್ತು.

"ಏನ್ರೀ, ಮುದ್ದೆ ಆರೋಯ್ತದೆ, ಎದ್ದು ಬನ್ನಿ."

ಮೇಷ್ಟ್ರು ತಲೆಯೆತ್ತಿದರು. ಹೆಂಡತಿಯನ್ನು ಕಂಡು ಮುಖ ಅರಳಿತು. "ಓ, ಯಾವಾಗ ಬಂದೆ?" ಎಂದವರೇ, ಆಕೆ ಹೇಳಿದ್ದೇನು ಎಂದು ತಿಳಿಯಲು ಹಲಗೆಯ ಕಡೆ ನೋಡಿದರು.

ಶಾಲಿನಿಯ ಕೈ ಆಗಲೇ ಬರೆದಾಗಿತ್ತು. ಬಹುಶಃ ಅವಳಿಗೂ ಅದು ಅಭ್ಯಾಸವಾಗಿಹೋಗಿತ್ತು. ಇಂಗ್ಲಿಷಿನ ಕೆಳಗೆ ದುಂಡು ಕನ್ನಡದಲ್ಲಿ, "ಅತ್ತೆ ಊಟಕ್ಕೆ ಕರೆಯುತ್ತಿದ್ದಾರೆ."

"ಬಂದೆ, ಬಂದೆ," ಎಂದರು ಮೇಷ್ಟ್ರು, ಹಲಗೆಗೆ.

ನಾಲ್ಕನೇ ಕ್ಲಾಸಿನವರೆಗೆ ಓದಿದ್ದ ಯಲ್ಲಮ್ಮ ಆ ಸಾಲನ್ನು ನಿಧಾನವಾಗಿ ಓದಿಕೊಂಡಳು. ತನ್ನ ಮಾತು ಇನ್ನೊಬ್ಬರ ಕೈಯಿಂದ ಗಂಡನಿಗೆ ಹೋದದ್ದು ಅದೇ ಮೊದಲು.

ಮಕ್ಕಳು ಹೋದ ಮೇಲೆ ಅಡುಗೆಮನೆಯಲ್ಲಿ ಸೊಸೆಯೇ ಮಾತು ತೆಗೆದಳು.

"ನಾನು ಯಾರಿಗೂ ಹೇಳಿಲ್ಲ ಅತ್ತೆ. ಹಲಗೆ ತಂದಿಟ್ಟು, ಸಾನಾ ಹೇಳಿದ್ದನ್ನ ಬರೆದೆ. ಮಾವ ಓದಿದ್ರು. ತಿದ್ದಿದ್ರು. ಆಮೇಲೆ ನನ್ನ ಮುಖ ನೋಡಿದ್ರು. ನಾನೂ ನೋಡಿದೆ. ಅಷ್ಟೇ."

"ಮಕ್ಳೇನಂದ್ವು?"

"ಹೊಸ ತರದ ಪಾಠ ಅಂದುಕೊಂಡಿದ್ದಾರೆ. ಗಂಗಯ್ಯನ ಮಗನೂ ಬರ್ತಿದ್ದಾನೆ." ಶಾಲಿನಿ ತಟ್ಟೆ ಒರೆಸುವುದನ್ನು ನಿಲ್ಲಿಸಿದಳು. "ಅವತ್ತು ಬಾಗಿಲ ವಿಚಾರಕ್ಕೆ ನಾನು ಏನೇನೋ ಅಂದುಬಿಟ್ಟೆ."

"ಅಂದೆ. ನಂಗೂ ಸಿಟ್ಟು ಬಂದಿತ್ತು," ಎಂದಳು ಯಲ್ಲಮ್ಮ. "ಇವತ್ತು ನಾನೂ ಅವ್ರ ಜೊತೇಲೇ ಕೂತ್ಕೊತೀನಿ. ನೀನೇ ಬಡ್ಸವ್ವ. ಬಸ್ಸಲ್ಲಿ ಕುಕ್ಕಿಸ್ಕೊಂಡು ಸೊಂಟ ಬಿದ್ದೋಗೈತೆ."

ಊಟವಾಯಿತು. ಮಧುಕುಮಾರ ಶಿಫ್ಟಿಗೆ ಹೋಗಿದ್ದ. ಶಾಲಿನಿ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಳು. ಮೇಷ್ಟ್ರು ಜಗಲಿಯ ಕುರ್ಚಿಗೆ ಬಂದು ಕೂತರು. ಯಲ್ಲಮ್ಮ ಒಳಬಾಗಿಲ ಹತ್ತಿರ ಬಂದು, ಹಲಗೆಯನ್ನು ನೋಡಿ, ಕೂರಲು ಜಾಗವಿಲ್ಲದೆ ಅವರೆದುರಿಗೇ ಮಕ್ಕಳ ಚಾಪೆಯ ಮೇಲೆ ಕೂತಳು.

ಇಷ್ಟು ವರ್ಷ ಹಾಲಿನವನ ಮಾತು, ಮಗನ ಮಾತು, ಮಕ್ಕಳ ಮಾತು ಎಲ್ಲವನ್ನೂ ಹೊತ್ತು ತಂದು ಈ ಮನುಷ್ಯನ ಮುಂದೆ ಸುರಿದಿದ್ದಳು. ಈಗ ತರಲು ಯಾರದೂ ಏನೂ ಇರಲಿಲ್ಲ. ಕೈ ಖಾಲಿಯಾದಂತೆ ಕೂತಿದ್ದವಳು ಬಾಯಿ ತೆರೆದಳು.

ಮೇಷ್ಟ್ರು ತಕ್ಷಣ ಕುರ್ಚಿಯಲ್ಲಿ ನೆಟ್ಟಗಾಗಿ, ಆಕೆಯ ತುಟಿಯ ಮೇಲೆ ಕಣ್ಣಿಟ್ಟರು. "ಯಾರು? ಏನಂದ್ರು?"

"ಯಾರೂ ಏನೂ ಅಂದಿಲ್ಲ ಕಣ್ರೀ," ಎಂದಳು ಯಲ್ಲಮ್ಮ. "ನಾನೇ ಹೇಳ್ತಾ ಇರೋದು."

ಮೇಷ್ಟ್ರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವರು ಕುರ್ಚಿಯಿಂದ ಎದ್ದು, ಮಂಡಿ ಹಿಡಿದುಕೊಂಡು, ಚಾಪೆಯ ಮೇಲೆ ಅವಳೆದುರಿಗೆ ಬಂದು ಕೂತರು. ಯಲ್ಲಮ್ಮ ಅಕ್ಕನ ಕಾಲಿನಿಂದ ಶುರು ಮಾಡಿದಳು.